ಇಲಿ ಉಚ್ಚೆಗೆ ನಕ್ಕವರು

ಮೋರಿಯಕ್ಕನ ಗಂಡನನ್ನು ಕೊಂದದ್ದು ಇಲಿಯ ಉಚ್ಚೆ.

ಹೀಗೆ ಹೇಳಿದರೆ ಕೇಳಿದವರು ಮೊದಲು ನಗುತ್ತಾರೆ. ಲಾರಿ ಹಾಯ್ದು ಸತ್ತ ಅಂದರೆ ಲಾರಿಯವನನ್ನು ಬೈಯುತ್ತಾರೆ. ಹಾವು ಕಚ್ಚಿ ಸತ್ತ ಅಂದರೆ ಅಯ್ಯೋ ಪಾಪ ಅನ್ನುತ್ತಾರೆ. ಇಲಿ ಉಚ್ಚೆಯಿಂದ ಸತ್ತ ಅಂದರೆ ಬಾಯಿಗೆ ಕೈ ಅಡ್ಡ ಹಿಡಿದು ಆ ಕಡೆ ತಿರುಗುತ್ತಾರೆ.

ಗಂಡ ಹೆಂಡತಿ ಇಬ್ಬರೂ ಊರಿನ ಮೋರಿ ಬಾಚುತ್ತಿದ್ದರು. ಅವನು ಒಳಗೆ ಇಳಿಯುವನು. ಎದೆಮಟ್ಟದ ಕೊಳೆಯಲ್ಲಿ ನಿಂತು, ಹೂಳು ಎಲ್ಲಿದೆ ಎಂದು ಕಾಲಿನಿಂದಲೇ ತಡಕಿ, ಬಕೆಟ್ಟಿಗೆ ತುಂಬುವನು. ಇವಳು ಮೇಲೆ ನಿಂತು ಹಗ್ಗ ಎಳೆಯುವಳು. ಹೂಳಿನಲ್ಲಿ ಗಾಜಿನ ಚೂರು ಇರುತ್ತಿತ್ತು. ಬ್ಲೇಡು ಇರುತ್ತಿತ್ತು. ತುಕ್ಕು ಹಿಡಿದ ತಗಡು ಇರುತ್ತಿತ್ತು. ಕಾಲು ಕುಯ್ದುಕೊಂಡರೆ ಬಟ್ಟೆ ಸುತ್ತಿಕೊಂಡು ಮತ್ತೆ ಇಳಿಯುವುದು. ಬೂಟು ಕೇಳಿದರೆ ಕಂಟ್ರಾಕ್ಟರ್, "ಯಾಕೋ, ಮದುವೆಗೆ ಹೋಗ್ತಿದ್ದೀಯಾ?" ಎನ್ನುತ್ತಿದ್ದ.

ಆ ಮಳೆಗಾಲ ಅವನಿಗೆ ಜ್ವರ ಬಂತು. ಮೀನಖಂಡ ಮುಟ್ಟಿದರೆ ಚೀರುತ್ತಿದ್ದ. ಕಣ್ಣು ಕೆಂಡದ ಹಾಗಿತ್ತು. ಸರ್ಕಾರಿ ಆಸ್ಪತ್ರೆಯ ಡಾಕ್ಟರು ಮೂಗಿಗೆ ಕರವಸ್ತ್ರ ಒತ್ತಿಕೊಂಡು, ಬಾಗಿಲ ಹತ್ತಿರವೇ ನಿಂತು ನೋಡಿದರು.

"ಕುಡಿದಿದ್ದಾನೆ. ಮನೇಲಿ ಮಲಗಿಸು."

"ಕುಡಿಯಲ್ಲ ಸಾರ್ ಇವರು."

"ಮೋರಿ ಕೆಲಸದೋನು ಕುಡಿಯಲ್ವಾ? ಹಾಗಾದ್ರೆ ಮೋರಿಗೆ ಹೇಗೆ ಇಳೀತಾನೆ?"

ಆಮೇಲೆ ಕಣ್ಣು ಹಳದಿಯಾಯಿತು. ಉಚ್ಚೆ ಕಟ್ಟಿತು. ಹೊಟ್ಟೆ ಉಬ್ಬಿತು. ಮತ್ತೆ ಆಸ್ಪತ್ರೆಗೆ ಹೊತ್ತುಕೊಂಡು ಹೋದಾಗ ಅದೇ ಡಾಕ್ಟರು, "ಇಷ್ಟು ದಿನ ಏನು ಮಾಡ್ತಿದ್ರಿ?" ಎಂದು ಗದರಿದರು. ಅವನು ಅಲ್ಲೇ ಹೋದ.

ಅವನಿಗೆ ಬಂದಿದ್ದ ರೋಗ ಯಾವುದು ಎಂದು ಹೇಳಿದ್ದು ಇಲಿ ಡಾಕ್ಟರಮ್ಮ. ಆಸ್ಪತ್ರೆಯ ಹಿಂದೆ, ಹೆಣದ ಕೋಣೆ ದಾಟಿದರೆ ಸರ್ಕಾರದ ಸಂಶೋಧನಾ ಕೇಂದ್ರವಿತ್ತು. ಸುಣ್ಣ ಉದುರಿದ ಗೋಡೆ, ನಾಲ್ಕು ಕೋಣೆ, ಸಾಲಾಗಿ ಇಲಿ ಪಂಜರ. ಸಣಕಲು ದೇಹದ ಆ ಹೆಂಗಸು ಅದರ ಮುಖ್ಯಸ್ಥೆ. ಮನುಷ್ಯರ ಜೊತೆ ಮಾತು ಕಡಿಮೆ. ಇಲಿಗಳ ಜೊತೆ ಮಾತ್ರ ಕೂಸನ್ನು ಮಾತಾಡಿಸಿದ ಹಾಗೆ ಮಾತಾಡುತ್ತಿದ್ದಳು. ಒಂದು ಬೆಳಿಗ್ಗೆ ಡಬ್ಬಿ ಹಿಡಿದು ಮೋರಿ ದಂಡೆಗೇ ಬಂದಳು.

"ಇಲಿ ಮೋರೀಲಿ ಉಚ್ಚೆ ಹುಯ್ಯುತ್ತೆ. ಅದರಲ್ಲಿ ರೋಗದ ಕ್ರಿಮಿ ಇರುತ್ತೆ. ನಿಮ್ಮ ಕಾಲಲ್ಲಿ ಗಾಯ ಇರುತ್ತೆ. ಅಲ್ಲಿಂದ ಒಳಗೆ ಹೋಗುತ್ತೆ. ಮೊದಲೇ ಗೊತ್ತಾದ್ರೆ ಮಾತ್ರೆಯಿಂದ ಹೋಗೋ ರೋಗ ಇದು. ಮೊದಲೇ ಗೊತ್ತಾಗೋ ಒಂದು ಕಡ್ಡಿ ಮಾಡ್ತಿದ್ದೀನಿ. ಅದಕ್ಕೆ ನಿಮ್ಮ ರಕ್ತ ಬೇಕು."

ಯಾರೂ ಕೈ ಚಾಚಲಿಲ್ಲ. ಮೋರಿಯಕ್ಕನ ಅತ್ತೆ, ಬದುಕಿಡೀ ಮೋರಿ ಬಾಚಿ ನಡು ಬಗ್ಗಿದ ಮುದುಕಿ, "ಇಷ್ಟು ದಿನ ಬೆವರು ತಗೊಂಡ್ರು. ಈಗ ರಕ್ತಾನೇ ಕೇಳಕ್ಕೆ ಬಂದಿದಾಳೆ," ಎಂದಳು. ಮೋರಿಯಕ್ಕ ಎದ್ದು ಹೋಗಿ ತೋಳು ಮುಂದೆ ಚಾಚಿದಳು. ಅವಳು ಚಾಚಿದ ಮೇಲೆ ಮಿಕ್ಕವರು ಚಾಚಿದರು.

ಮುಂದಿನ ಮಳೆಗಾಲ, ಅಣ್ಣನ ಬದಲು ಮೋರಿಗೆ ಇಳಿಯುತ್ತಿದ್ದ ಮೈದುನನಿಗೆ ಜ್ವರ ಬಂತು. ಅದೇ ಕೆಂಪು ಕಣ್ಣು, ಅದೇ ಮೀನಖಂಡ. ಮೋರಿಯಕ್ಕ ಅವನನ್ನು ತಳ್ಳುಗಾಡಿಯಲ್ಲಿ ಹಾಕಿಕೊಂಡು ಸೀದಾ ಇಲಿ ಡಾಕ್ಟರಮ್ಮನ ಬಾಗಿಲಿಗೆ ಹೋದಳು. ಒಂದು ತೊಟ್ಟು ರಕ್ತ ಕಡ್ಡಿಗೆ ತಾಗಿತು. ಎರಡು ಗೆರೆ ಮೂಡಿದವು, ಅದೇ ರೋಗ. ಡಾಕ್ಟರಮ್ಮ ಸರ್ಕಾರಿ ಆಸ್ಪತ್ರೆಗೆ ಓಡಿದಳು, ಮೂಗಿಗೆ ಕರವಸ್ತ್ರ ಒತ್ತಿಕೊಳ್ಳುವ ಡಾಕ್ಟರ ಜೊತೆ ಜಗಳವಾಡಿದಳು, ಮಾತ್ರೆ ತಂದಳು. ಮೈದುನ ಬದುಕಿದ. ಎದ್ದು ಕೂತವನು ಕೇಳಿದ ಮೊದಲ ಮಾತು, "ಅತ್ತಿಗೆ, ಊಟ ಇದೆಯಾ?"

ಇನ್ನೊಂದು ಮಳೆಗಾಲ ಪರೀಕ್ಷೆ ಮಾಡಿ ತೋರಿಸಿದರೆ ಕಡ್ಡಿಗೆ ಮೇಲಿನವರ ಒಪ್ಪಿಗೆ ಸಿಗುತ್ತದೆ, ಎಲ್ಲ ಆಸ್ಪತ್ರೆಗೂ ಹೋಗುತ್ತದೆ ಎಂದು ಡಾಕ್ಟರಮ್ಮ ಹೇಳುತ್ತಿದ್ದಳು. ಮಳೆಗಾಲಕ್ಕೆ ಮೊದಲು ಚುನಾವಣೆ ಬಂತು.

ಮುಖಂಡರು ಬಂದದ್ದು ಆಗಲೇ. ವಿರೋಧ ಪಕ್ಷದವರು. ಅವರ ಭಾಷಣಕ್ಕೆ ಜನರನ್ನು ಕರೆತರಬೇಕಾಗಿರಲಿಲ್ಲ. ತಾವಾಗಿಯೇ ಬರುತ್ತಿದ್ದರು, ನಗಲಿಕ್ಕೆ. ಅತ್ತೆಯೂ ಹೋದಳು. "ಆ ಮನುಷ್ಯ ಒಬ್ಬನೇ ನನ್ನ ನಗಿಸೋನು. ಮಿಕ್ಕೋರೆಲ್ಲ ಅಳಿಸೋರೇ," ಎನ್ನುವುದು ಅವಳ ವಾದ.

ಮೋರಿಯಕ್ಕನೂ ಆ ಸಭೆಗೆ ಹೋಗಿದ್ದಳು. ಕೇಳಲಿಕ್ಕಲ್ಲ. ವೇದಿಕೆಯ ಹಿಂದೆ ತಗಡು ಹೊಡೆದು ಮಾಡಿದ್ದ ಕಕ್ಕಸುಗಳನ್ನು ತೊಳೆಯಲಿಕ್ಕೆ. ಅವಳು ಬಕೆಟ್ಟು ಎತ್ತಿಕೊಂಡು ಓಡಾಡುತ್ತಿರುವಾಗ ಮೈಕಿನಲ್ಲಿ ಮುಖಂಡರ ದನಿ ಬಂತು.

"ಬಂಧುಗಳೇ, ನಿಮ್ಮ ತೆರಿಗೆ ದುಡ್ಡಲ್ಲಿ ಈ ಸರ್ಕಾರ ಏನು ಮಾಡ್ತಿದೆ ಗೊತ್ತಾ? ಹೇಳಕ್ಕೇ ನಾಚಿಕೆ. ತಾಯಂದಿರು ಸ್ವಲ್ಪ ಕಿವಿ ಮುಚ್ಕೊಳ್ಳಿ."

ತಾಯಂದಿರು ಕಿವಿ ನಿಮಿರಿಸಿದರು.

"ಇಲಿ ಉಚ್ಚೆ ಹುಯ್ಯೋದನ್ನ ಕೂತ್ಕೊಂಡು ನೋಡ್ತಿದಾರೆ. ಅದಕ್ಕೊಂದು ಬಿಲ್ಡಿಂಗು. ಅದನ್ನ ಇಡಕ್ಕೆ ಫ್ರಿಜ್ಜು. ಓದಿ ಓದಿ ಕನ್ನಡಕ ಬಂದಿರೋ ಐದಾರು ಜನ. ನಮ್ಮನೇಲಿ ಮೊಮ್ಮಗ ದಿನಾ ಹುಯ್ತಾನೆ, ಒಬ್ಬ ವಿಜ್ಞಾನಿನಾದ್ರೂ ನೋಡಕ್ಕೆ ಬಂದಿದಾನಾ?"

ಮೈದಾನವೇ ಬಿದ್ದು ಬಿದ್ದು ನಕ್ಕಿತು. ತಗಡಿನ ಗೋಡೆ ಅದುರಿತು. ಮೋರಿಯಕ್ಕ ಬಕೆಟ್ಟು ಕೆಳಗಿಟ್ಟು ತಗಡಿನ ಸಂದಿಯಿಂದ ನೋಡಿದಳು. ಮುಂದಿನ ಸಾಲಿನ ಹತ್ತಿರ ಮೈದುನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ಪಕ್ಕದಲ್ಲಿ ಅತ್ತೆ, ಸೆರಗಿನಿಂದ ಕಣ್ಣೀರು ಒರೆಸಿಕೊಳ್ಳುತ್ತ.

ಮನೆಗೆ ಬಂದ ಮೇಲೆ ಕೇಳಿದಳು. "ನೀನು ಯಾಕೆ ನಕ್ಕೆ?"

"ಎಲ್ಲಾರೂ ನಕ್ರು ಅತ್ತಿಗೆ."

"ಆ ಕಡ್ಡಿ ಇಲ್ದಿದ್ರೆ ನೀನು ನಿಮ್ಮಣ್ಣನ ಪಕ್ಕ ಮಲಗಿರ್ತಿದ್ದೆ."

ಮೈದುನ ತಲೆ ಕೆರೆದುಕೊಂಡ. "ಅದೂ ನಿಜ. ಆದ್ರೆ ಮೊಮ್ಮಗನ ಮಾತು ಚೆನ್ನಾಗಿತ್ತು."

ಆ ವಾರ ಗೋಡೆ ಗೋಡೆಯ ಮೇಲೂ ಒಂದೇ ಬರಹ. "ಇಲಿಗೆ ಅರಮನೆ, ಜನಕೆ ಬರಿಮನೆ." ಆಳುವ ಪಕ್ಷ ಬೆದರಿತು. ಇಲಿ ಸಾಕಿದ್ದು ನಾವಲ್ಲ, ಹಿಂದಿನ ಸರ್ಕಾರ ಎಂದಿತು. ಅದು ಸಾಲಲಿಲ್ಲ. ಆರೋಗ್ಯ ಮಂತ್ರಿ ಟಿವಿಯಲ್ಲಿ ಕೂತು, "ನಾನೂ ಇಲಿ ಕಂಡ್ರೆ ಚಪ್ಪಲಿ ಹುಡುಕೋ ಮನುಷ್ಯನೇ," ಎಂದು ಭರವಸೆ ಕೊಟ್ಟರು. ಅದೂ ಸಾಲಲಿಲ್ಲ. ಆಗ ಕೇಂದ್ರವನ್ನೇ ಮುಚ್ಚಿ, "ಮುಚ್ಚುತ್ತೇವೆ ಎಂದವರು ಅವರು, ಮುಚ್ಚಿದವರು ನಾವು," ಎಂದು ಬೋರ್ಡು ಹಾಕಿದರು. ಮುಖಂಡರು ಅದನ್ನು ತಮ್ಮ ಮೊದಲ ಗೆಲುವು ಎಂದು ಘೋಷಿಸಿದರು. ಎರಡೂ ಪಕ್ಷದವರು ಒಂದೇ ದಿನ ಪಟಾಕಿ ಹೊಡೆದರು. ಬಿದ್ದ ಕಾಗದ ಗುಡಿಸಿದ್ದು ಮೋರಿಯಕ್ಕ.

ಇಲಿಗಳನ್ನು ವಿಲೇವಾರಿ ಮಾಡತಕ್ಕದ್ದು ಎಂಬ ಆದೇಶ ಬಂತು. ವಿಲೇವಾರಿ ಎಂಬ ಪದ ಬಂದ ಕಡೆಗೆಲ್ಲ ಮೋರಿಯಕ್ಕನನ್ನೇ ಕರೆಯುವುದು. ಅವಳು ಹೋದಾಗ ಡಾಕ್ಟರಮ್ಮ ತಾನೇ ಔಷಧಿ ಕೊಟ್ಟು ಒಂದೊಂದಾಗಿ ಇಲಿಗಳನ್ನು ಮಲಗಿಸಿದ್ದಳು. ಬಿಳಿ ಚೀಲಗಳ ಬಾಯಿ ಕಟ್ಟಿ ಸಾಲಾಗಿ ಇಟ್ಟಿದ್ದಳು. ಫ್ರಿಜ್ಜಿನ ವಯರು ಕಿತ್ತು ಹಾಕಿದ್ದರು. ಮೋರಿ ಜನರ ರಕ್ತದ ಸೀಸೆಗಳು ಒಂದು ಪ್ಲಾಸ್ಟಿಕ್ ಬುಟ್ಟಿಯಲ್ಲಿ ಬೆಚ್ಚಗಾಗುತ್ತ ಬಿದ್ದಿದ್ದವು.

"ಇನ್ನೊಂದು ಮಳೆಗಾಲ ಸಾಕಿತ್ತು," ಎಂದಳು ಡಾಕ್ಟರಮ್ಮ.

"ಈಗೇನು ಮಾಡ್ತೀರಮ್ಮ?"

"ನಾನು ಕಾಲೇಜಲ್ಲಿ ಪಾಠ ಮಾಡ್ತೀನಿ. ನೀವು ಮೋರಿಗೆ ಇಳೀತೀರ."

ಮೋರಿಯಕ್ಕ ಚೀಲಗಳನ್ನು ಗಾಡಿಗೆ ಹೇರಿದಳು.

ಇಷ್ಟಕ್ಕೇ ಮುಗಿಯಬಹುದಿತ್ತು. ಆದರೆ ಮುಖಂಡರಿಗೆ ಇನ್ನೊಂದು ಯೋಚನೆ ಬಂತು. ಇಲಿಗಳ ಮೇಲೆ ಸುರಿದ ಹಣ ಬಡವರಿಗೆ ಸೇರಬೇಕು ಎಂದು ತೋರಿಸಲು ಅವರು ಸ್ವತಃ ಮೋರಿಗೆ ಇಳಿದು, ಮೋರಿ ಜನರ ಜೊತೆ ಹೂಳು ಎತ್ತುವುದು. ಎಲ್ಲ ಟಿವಿಯವರೂ ಬರುವುದು.

ಎರಡು ದಿನ ಮೊದಲು ಅವರ ಪಿ.ಎ. ಬಂದ. ಇಸ್ತ್ರಿ ಮಾಡಿದ ಅಂಗಿ, ಮಿಂಚುವ ಷೂ. ಊರೆಲ್ಲ ಸುತ್ತಿ ಒಂದು ಮೋರಿ ಆರಿಸಿದ. ಹೊಸ ಮಾರುಕಟ್ಟೆಯ ಮುಂದೆ ಕಟ್ಟಿದ್ದು, ಇನ್ನೂ ಯಾವುದಕ್ಕೂ ಜೋಡಿಸದ್ದು, ಸಿಮೆಂಟಿನ ವಾಸನೆ ಬಿಟ್ಟರೆ ಬೇರೇನೂ ಇಲ್ಲದ್ದು. ಮೋರಿಯಕ್ಕ, ಮೈದುನ, ಇನ್ನು ನಾಲ್ಕು ಜನರನ್ನು ಅದನ್ನು ತೊಳೆಯಲು ಹಚ್ಚಿದ.

"ಎರಡೂ ಕಡೆ ಮರಳಿನ ಚೀಲ ಹಾಕಿ ಮುಚ್ಚಿ. ಬ್ಲೀಚಿಂಗ್ ಹಾಕಿ ಉಜ್ಜಿ. ಒಂದು ಇಲಿ ಕೂಡ ಕಾಣಬಾರದು. ಸಾಹೇಬರ ಹಿಮ್ಮಡಿ ಒಡೆದಿದೆ."

"ಹಿಮ್ಮಡಿ ಒಡೆದ್ರೆ ಏನಾಗುತ್ತೆ ಸಾರ್?" ಮೋರಿಯಕ್ಕ ಉಜ್ಜುತ್ತಲೇ ಕೇಳಿದಳು.

"ನಿಂಗೇನು ಗೊತ್ತಾಗುತ್ತೆ? ಇಲಿ ಉಚ್ಚೆ ಗಾಯದೊಳಗೆ ಹೋದ್ರೆ ಜ್ವರ ಬರುತ್ತೆ. ಕಿಡ್ನಿ ಹೋಗುತ್ತೆ."

"ಹೌದಾ? ಯಾರು ಕಂಡುಹಿಡಿದ್ರು ಸಾರ್ ಅದನ್ನ?"

"ವಿಜ್ಞಾನಿಗಳು," ಎಂದ ಪಿ.ಎ. ಹೇಳಿದ ಮೇಲೆ ಅವಳ ಮುಖ ನೋಡಿದ. ನೋಡಿ ಫೋನು ಕಿವಿಗಿಟ್ಟುಕೊಂಡು ಆಚೆ ಹೋದ.

ಟ್ಯಾಂಕರಿನಲ್ಲಿ ಕುಡಿಯುವ ನೀರು ತರಿಸಿ ಮೋರಿಗೆ ಬಿಟ್ಟರು. ನೀರು ತಿಳಿಯಾಗಿತ್ತು. ತಳ ಕಾಣುತ್ತಿತ್ತು. ಟಿವಿಯಲ್ಲಿ ಈಜುಕೊಳದ ಹಾಗೆ ಕಾಣುತ್ತದೆ ಎಂದು ಪಿ.ಎ. ತಲೆ ಕೆಡಿಸಿಕೊಂಡ. ಕೊನೆಗೆ ಸಭೆಯ ಅಡುಗೆಯವರಿಗೆ ಹೇಳಿ ದೊಡ್ಡ ಹಂಡೆಗಳಲ್ಲಿ ಟೀ ಪುಡಿ ಕುದಿಸಿ ತಂದು ಸುರಿಸಿದ. ಮೊದಲ ಹಂಡೆ ಬ್ಲೀಚಿಂಗಿಗೆ ಸಿಕ್ಕಿ ಬೆಳ್ಳಗಾಯಿತು. ಎರಡನೆಯದೂ ಹಾಗೇ. ಮೋರಿ ತೊಳೆದು, ನೀರು ಬದಲಾಯಿಸಿ, ಮತ್ತೆ ಕುದಿಸಿ ಸುರಿದ ಮೇಲೆ ಒಳ್ಳೆಯ ಕೊಳಚೆ ಬಣ್ಣ ಬಂತು. ಆ ಬೀದಿಯ ನಲ್ಲಿಗಳಲ್ಲಿ ಎರಡು ದಿನ ನೀರು ಬರಲಿಲ್ಲ.

ಮೋರಿಯಕ್ಕನಿಗೆ ಒಂದು ಮಾತು ಕಲಿಸಿದರು. ಮುಖಂಡರು ಕೈ ಹಿಡಿದಾಗ ಅವಳು, "ನಮಗೆ ಇಲಿ ಬೇಡ, ನೀವು ಬೇಕು," ಎನ್ನಬೇಕು. ಅತ್ತೆ ಮನೆಯಲ್ಲಿ ಅದನ್ನು ಹತ್ತಾರು ಸಲ ಹೇಳಿಸಿ ಅಭ್ಯಾಸ ಮಾಡಿಸಿದಳು. "ಸ್ವಲ್ಪ ನಗ್ತಾ ಹೇಳೇ. ಹೆಣದ ಮುಂದೆ ಕೂತ ಹಾಗೆ ಹೇಳ್ಬೇಡ."

ಆರು ಜೊತೆ ಹೊಸ ಬೂಟು ಬಂದವು. ಟಿವಿ ಹೋದ ಮೇಲೆ ವಾಪಸು ಕೊಡಬೇಕೆಂದು ಕಂಟ್ರಾಕ್ಟರ್ ಹೇಳಿದ.

ಆ ದಿನ ಬೀದಿ ತುಂಬ ಜನ. ಮುಖಂಡರು ತೊಡೆಯವರೆಗಿನ ಬೂಟು ಹಾಕಿ, ಕೈಗೆ ಗವುಸು ತೊಟ್ಟು, ಜೈಕಾರದ ನಡುವೆ ಟೀಯೊಳಗೆ ಇಳಿದರು. ಕಾಲರಿಗೆ ಪುಟ್ಟ ಮೈಕು ಸಿಕ್ಕಿಸಿದ್ದರು. ಮುಖದ ಮೇಲೆ ದುರ್ವಾಸನೆ ತಡೆದುಕೊಂಡವರ ನೋವು ತಂದುಕೊಂಡರು. ಒಂದು ಸಲಿಕೆ ನೀರು ಎತ್ತಿ ಅಲ್ಲೇ ಚೆಲ್ಲಿದರು. ಆಮೇಲೆ ದಂಡೆಯ ಮೇಲೆ ನಿಂತಿದ್ದ ಮೋರಿಯಕ್ಕನ ಕಡೆಗೆ ಕೈ ಚಾಚಿದರು.

"ಬಾ ತಾಯಿ. ಇಷ್ಟು ದಿನ ನೀನೊಬ್ಬಳೇ ಇಳಿದೆ. ಇವತ್ತು ನಾನಿದೀನಿ."

ಮೋರಿಯಕ್ಕ ಅಲುಗಲಿಲ್ಲ.

"ಇಳಿ ತಾಯಿ."

"ಇಳಿಯಲ್ಲ ಸಾರ್."

ಮುಖಂಡರು ನಕ್ಕರು. "ಯಾಕೆ? ನಾನಿದೀನಿ ಅಂತ ನಾಚಿಕೆನಾ?"

"ಇದು ಮೋರಿ ಅಲ್ಲ ಸಾರ್. ಟೀ. ಹಾಲು ಸಕ್ಕರೆ ಒಂದು ಹಾಕಿಲ್ಲ."

ಮುಂದಿದ್ದವರು ಕಿಸಕ್ಕೆಂದರು. ನಗು ಹಿಂದೆ ಹಿಂದೆ ಹರಡಿತು. ಯಾರೋ ಬಗ್ಗಿ ಬೆರಳಿಗೆ ಮುಟ್ಟಿಸಿ ಮೂಸಿ, "ಟೀನೇ ಕಣ್ರೋ," ಎಂದರು. ಮುಖಂಡರು ನಗಿಸುವುದರಲ್ಲಿ ಪಳಗಿದವರು, ತಾವೂ ಜೊತೆಗೆ ನಕ್ಕರು. "ನೋಡಿ, ನಮ್ಮ ತಾಯಿಗೆ ಎಷ್ಟು ಹಾಸ್ಯ," ಎಂದರು.

"ನಾನು ತಮಾಷೆ ಮಾಡ್ತಿಲ್ಲ. ನಮ್ಮ ಮೋರಿ ಆ ತಿರುವಿನ ಆಚೆ ಇದೆ. ಬನ್ನಿ. ಅಲ್ಲಿ ಕೈ ಹಿಡಿದು ನಾನೇ ಇಳಿಸ್ತೀನಿ."

ಟಿವಿಯವರು ಆಗಲೇ ತಿರುವಿನ ಕಡೆ ಓಡಲು ಶುರು ಮಾಡಿದ್ದರು. ಜನ ದಾರಿ ಬಿಟ್ಟರು. ಮುಖಂಡರು ಮೇಲೆ ಹತ್ತಿ ಒಂದು ಹೆಜ್ಜೆ ಇಟ್ಟರು ಕೂಡ. ಅಷ್ಟರಲ್ಲಿ ಪಿ.ಎ. ಓಡಿ ಬಂದು ಕಿವಿಯಲ್ಲಿ ಪಿಸುಗುಟ್ಟಿದ. ಕಾಲರಿನ ಮೈಕು ಅದನ್ನು ಕಂಬ ಕಂಬಕ್ಕೂ ಕಟ್ಟಿದ್ದ ಸ್ಪೀಕರುಗಳಿಗೆ ಒಪ್ಪಿಸಿತು.

"ಬೇಡ ಸಾರ್. ಅದರಲ್ಲಿ ಇಲಿ ಇದೆ. ಸಾಯ್ತೀರ."

ಬೀದಿಯಲ್ಲಿ ಯಾರೂ ನಗಲಿಲ್ಲ.

ಮೋರಿಯಕ್ಕ ಬೂಟು ಬಿಚ್ಚಿ ಟೀಯ ಪಕ್ಕದಲ್ಲಿಟ್ಟಳು. "ನಿಮಗೆ ಹೇಳೋರು ಇದ್ರು ಸಾರ್," ಎಂದಳು. "ನನ್ನ ಗಂಡನಿಗೆ ಯಾರೂ ಇರಲಿಲ್ಲ. ಒಬ್ಬಳು ಬಂದ್ಲು. ಅವಳನ್ನ ನೋಡಿ ನೀವು ನಕ್ರಿ." ಬರಿಗಾಲಲ್ಲಿ ಜನರ ನಡುವೆ ನಡೆದು ಹೋದಳು.

ಇದರಿಂದ ಮುಖಂಡರು ಸೋತರು ಎಂದುಕೊಳ್ಳಬೇಡಿ. ಅವರು ಹಿಂದೆಂದಿಗಿಂತ ಹೆಚ್ಚು ಮತದಲ್ಲಿ ಗೆದ್ದರು. ಟಿವಿಯಲ್ಲಿ ಅವರು ಕೈ ಚಾಚಿದ್ದು ಬಂತು, ಅವಳು ದಂಡೆಯ ಮೇಲೆ ನಿಂತಿದ್ದು ಬಂತು, ನಡುವೆ ಸಂಗೀತ ಬಂತು. ಮಾತು ಬರಲಿಲ್ಲ. ಕೆಳಗೆ, "ಭಾವುಕಳಾದ ತಾಯಿ," ಎಂದು ಬರೆದಿದ್ದರು. ಅತ್ತೆಯೂ ಅವರಿಗೇ ಮತ ಹಾಕಿದಳು. ಹಾಕಿ ಬಂದು ಸೊಸೆಯ ಮುಖ ನೋಡದೆ, "ಕೈ ತಪ್ಪಿ ಬಿತ್ತು," ಎಂದಳು. ಕಂಟ್ರಾಕ್ಟರ್ ಮೋರಿಯಕ್ಕನನ್ನು ಕೆಲಸದಿಂದ ತೆಗೆದ. ಮುಖಂಡರು ಈಗ ಮಂತ್ರಿಗಳು. ಇಲಿ ಡಾಕ್ಟರಮ್ಮನ ಕೇಂದ್ರದಲ್ಲಿ ಪಕ್ಷದ ಕುರ್ಚಿ, ಶಾಮಿಯಾನ ಜೋಡಿಸಿಟ್ಟರು.

ಮಳೆ ಶುರುವಾಯಿತು. ಮೊದಲ ಜೋರು ಮಳೆಗೇ ದೊಡ್ಡ ಮೋರಿ ಕಟ್ಟಿಕೊಂಡಿತು. ಕಂಟ್ರಾಕ್ಟರ್ ಮೈದುನನನ್ನು ಇಳಿ ಎಂದ. ಮೈದುನ ಹಗ್ಗ ಸೊಂಟಕ್ಕೆ ಕಟ್ಟಿಕೊಂಡು ದಂಡೆಗೆ ಬಂದ. ಕೆಳಗೆ ನೋಡಿದ. ಒಂದು ಇಲಿ ಕಲ್ಲಿನ ಮೇಲೆ ಕೂತು ಮೀಸೆ ತೀಡುತ್ತಿತ್ತು. ಅವನು ಹಗ್ಗ ಬಿಚ್ಚಿ ಅಲ್ಲೇ ಕುಕ್ಕರುಗಾಲಲ್ಲಿ ಕೂತ.

"ಏನೋ ಅದು?"

"ಇಳಿಯಲ್ಲ."

"ಯಾಕೋ?"

"ಡಾಕ್ಟರಮ್ಮ ಬರಲಿ. ಕಡ್ಡಿ ಬರಲಿ. ಅತ್ತಿಗೆ ಬರಲಿ. ಆಮೇಲೆ ನೋಡೋಣ."

ಕಂಟ್ರಾಕ್ಟರ್ ಕಪಾಳಕ್ಕೆ ಹೊಡೆದ. ಮೈದುನ ಕೂತೇ ಇದ್ದ. ಪಕ್ಕದಲ್ಲಿ ಇನ್ನೊಬ್ಬ ಕೂತ. ಅವನ ಪಕ್ಕ ಇನ್ನೊಬ್ಬ. ಸುದ್ದಿ ಮುಟ್ಟಿ ಮೋರಿಯಕ್ಕ ಓಡಿ ಬಂದಾಗ ದಂಡೆಯುದ್ದಕ್ಕೂ ಜನ ಮಳೆಯಲ್ಲಿ ತೋಯುತ್ತ ಕೂತಿದ್ದರು. ಬೇರೆ ಬೀದಿಗಳವರೂ ಸಲಿಕೆ ಬಿಟ್ಟು ಬಂದಿದ್ದರು. ಅತ್ತೆ ಹರಿದ ಕೊಡೆ ಹಿಡಿದು ನಡುವೆ ಕೂತು, ಕಂಟ್ರಾಕ್ಟರನ ಏಳು ತಲೆಮಾರನ್ನು ಜಾಲಾಡುತ್ತಿದ್ದಳು.

ನೀರು ಏರಿತು. ಮೊದಲು ಮೋರಿ ಜನರ ಗುಡಿಸಲಿಗೆ ನುಗ್ಗಿತು. ಅದು ಪ್ರತಿ ವರ್ಷ ನುಗ್ಗುವುದೇ, ಯಾರೂ ಕೇಳಲಿಲ್ಲ. ಆಮೇಲೆ ಮಾರುಕಟ್ಟೆಗೆ ನುಗ್ಗಿತು. ಆಮೇಲೆ ಕಾಂಪೌಂಡು ಇರುವ ಮನೆಗಳಿಗೆ. ಊರಿನ ಹೊಲಸು ಊರಿನವರ ಹಜಾರದಲ್ಲಿ ತೇಲಿತು. ಆಗ ಫೋನುಗಳು ಬಡಿದುಕೊಂಡವು.

ಪಿ.ಎ. ಬಂದ. ಪ್ಯಾಂಟು ಮಂಡಿಯವರೆಗೆ ಮಡಚಿದ್ದ. ಷೂ ನೀರಿನೊಳಗೆ ಪಚಪಚ ಎನ್ನುತ್ತಿತ್ತು.

"ಏನು ಬೇಕು ನಿಮಗೆ? ಸಂಬಳ ಜಾಸ್ತಿ ಬೇಕಾ? ಬೂಟು ಬೇಕಾ?"

"ಎರಡೂ ಬೇಕು," ಎಂದಳು ಮೋರಿಯಕ್ಕ. "ಅದಕ್ಕೂ ಮೊದಲು ಡಾಕ್ಟರಮ್ಮ ಬೇಕು."

"ಅದು ಆಗಲ್ಲಮ್ಮ. ಸಾಹೇಬರ ಮರ್ಯಾದೆ ಪ್ರಶ್ನೆ."

"ಹಾಗಾದ್ರೆ ಸಾಹೇಬರನ್ನೇ ಕರೆಸಿ. ಅವರಿಗೆ ಮೋರಿಗೆ ಇಳಿದು ಅಭ್ಯಾಸ ಇದೆ."

ಪಿ.ಎ. ಮತ್ತೆ ಫೋನು ಹಿಡಿದು ದೂರ ಹೋದ. ನಿಲ್ಲಲು ಒಣ ಜಾಗ ಹುಡುಕಿದ. ಸಿಗಲಿಲ್ಲ. ನೀರಿನಲ್ಲೇ ನಿಂತು ಬಹಳ ಹೊತ್ತು ಮಾತಾಡಿದ.

ಮರುದಿನ ಆದೇಶ ಬಂತು. ಸಂಶೋಧನಾ ಕೇಂದ್ರ ಎನ್ನುವಂತಿಲ್ಲ, ಶಿಬಿರ ಎನ್ನಬೇಕು. ಇಲಿ ಎಂಬ ಪದ ಎಲ್ಲೂ ಬರಬಾರದು, ಸಣ್ಣ ಪ್ರಾಣಿ ಎನ್ನಬೇಕು. ಬಾಗಿಲಿಗೆ ಮಂತ್ರಿಗಳ ದೊಡ್ಡ ಫೋಟೋ ಹಾಕಬೇಕು. ಈ ಮಳೆಗಾಲಕ್ಕೆ ಮಾತ್ರ. ಡಾಕ್ಟರಮ್ಮ ಅದನ್ನು ಓದಿ, "ಈ ಮಳೆಗಾಲಾನೇ ನನಗೆ ಬೇಕಾಗಿದ್ದು," ಎಂದಳು. ಫೋಟೋವನ್ನು ಬಾಗಿಲಿಗೆ ಹಾಕಿದಳು. ಕುರ್ಚಿ, ಶಾಮಿಯಾನವನ್ನೆಲ್ಲ ಅಂಗಳಕ್ಕೆ ಎಸೆಸಿದಳು. ಶಾಮಿಯಾನ ಮಳೆಗೆ ಒಳ್ಳೆಯ ಸೂರಾಯಿತು.

ಮೋರಿ ಜನ ಅದರಡಿ ಸಾಲು ನಿಂತರು. ಎಲ್ಲರಿಗಿಂತ ಮುಂದೆ ಅತ್ತೆ. "ನೋಯಿಸಿದ್ರೆ ನೋಡು ಮತ್ತೆ," ಎಂದು ತೋಳು ಚಾಚಿದಳು. ಡಾಕ್ಟರಮ್ಮ ಸೂಜಿ ಚುಚ್ಚಿದಳು. ಮೋರಿಯಕ್ಕ ಸಾಲು ನೋಡಿಕೊಳ್ಳುತ್ತಿದ್ದಳು.

ಪಿ.ಎ. ಸುತ್ತಮುತ್ತ ಸುಳಿದಾಡುತ್ತಿದ್ದ. ಉಸ್ತುವಾರಿ ಎಂದು ಬಂದವನು ಹೋಗುತ್ತಿರಲಿಲ್ಲ. ಕೊನೆಗೆ ಅವಳ ಹತ್ತಿರ ಬಂದು ದನಿ ತಗ್ಗಿಸಿದ.

"ಅವತ್ತು ಆ ನೀರಲ್ಲಿ ನಿಂತಿದ್ದೆನಲ್ಲ. ಷೂ ಕಚ್ಚಿ ಹಿಮ್ಮಡಿ ಕಿತ್ತು ಹೋಗಿದೆ. ಬೆಳಿಗ್ಗೆಯಿಂದ ಮೈ ಯಾಕೋ ಬಿಸಿ. ನನಗೂ ಒಂದು ಕಡ್ಡಿ ಹಾಕ್ಸಕ್ಕಾಗುತ್ತಾ? ಹಿಂದಿನ ಬಾಗಿಲಿಂದ ಬಂದ್ರೆ?"

ಮೋರಿಯಕ್ಕ ಅವನ ಕಣ್ಣು ನೋಡಿದಳು. ಸ್ವಲ್ಪ ಕೆಂಪಾಗಿತ್ತು.

"ಸಾಲಲ್ಲಿ ನಿಂತ್ಕೊಳ್ಳಿ ಸಾರ್," ಎಂದಳು. "ಅಗೋ, ಅಲ್ಲಿ. ಕೊನೇಗೆ."

ಪಿ.ಎ. ಹೋಗಿ ಮೈದುನನ ಹಿಂದೆ ನಿಂತ. ಮೈದುನ ಆಗಷ್ಟೇ ಮೋರಿಯಿಂದ ಮೇಲೆ ಬಂದಿದ್ದ. ಕತ್ತಿನವರೆಗೂ ಕೆಸರು. ಪಿ.ಎ. ಎರಡು ಮಾರು ಜಾಗ ಬಿಟ್ಟು, ಕರವಸ್ತ್ರ ತೆಗೆದ.

"ಹತ್ತಿರ ಬನ್ನಿ ಸಾರ್," ಎಂದು ಮೋರಿಯಕ್ಕ ಅಲ್ಲಿಂದಲೇ ಕೂಗಿ ಹೇಳಿದಳು. "ಇನ್ನೂ ಹತ್ತಿರ. ಜಾಗ ಬಿಟ್ರೆ ನಡುವೆ ಬೇರೆಯೋರು ಬರ್ತಾರೆ."

ಅವನು ಸರಿದು ಬಂದು ನಿಂತ.